ಬದುಕಿದ್ದವರ ಬೊಜ್ಜದ ಖರ್ಚು

ತಾಂಬರಂ, ಮದರಾಸು
೯-೮-೧೯೬೩

ಚಂದ್ರಮತಿ ಅತ್ತಿಗೆಯವರ ಪಾದಗಳಿಗೆ ಸುಗುಣಾಳ ನಮಸ್ಕಾರಗಳು. ಇಲ್ಲಿ ಎಲ್ಲರೂ ಇದ್ದೇವೆ. ಕ್ಷೇಮ ಎಂದು ಬರೆಯುವುದನ್ನು ಹೋದ ವರ್ಷವೇ ಬಿಟ್ಟಿದ್ದೇನೆ. ಇದ್ದೇವೆ ಎಂದರೆ ಸುಳ್ಳಾಗುವುದಿಲ್ಲ.

ನೀವು ಮಗ ಬಾಬುವಿನ ಕೈಯಲ್ಲಿ ಬರೆಸಿದ ಕಾಗದ ಬಂತು. ನಿಮ್ಮ ತಮ್ಮನನ್ನು ಊರಿಗೆ ಕಳಿಸಬೇಕು ಎಂದಿದ್ದೀರಿ. ಉತ್ತರಕ್ಕೆ ಮೊದಲು ಲೆಕ್ಕ ಹೇಳುತ್ತೇನೆ, ಹೋಟೆಲಿನವಳ ಚಾಳಿ. ಆಸ್ಪತ್ರೆ, ಔಷಧಿ, ಹಾಲು ಹೊಯ್ಯುವ ರಬ್ಬರ್ ಕೊಳವೆ ಎಲ್ಲ ಸೇರಿ ಎರಡು ಸಾವಿರದ ಎಂಟುನೂರ ಅರವತ್ತು. ವಕೀಲರು, ಕೋರ್ಟು, ಸ್ಟಾಂಪು ಸಾವಿರದ ನಾನೂರ ಐವತ್ತು. ಮಗ್ಗುಲು ಬದಲಿಸಲು ಇಟ್ಟ ಆಯಾಳಿಗೆ ಏಳುನೂರು. ನಿಮ್ಮ ಕಡೆ ಉತ್ತರಕ್ರಿಯೆಗೆ ಕಾರ್ಡು ಅಚ್ಚು ಹಾಕಿಸಿದ್ದು, ಪುರೋಹಿತರು, ಊರೂಟ ಸೇರಿ ಏಳುನೂರ ತೊಂಬತ್ತು ಎಂದು ಬಾಬು ಹೇಳಿದ. ಒಟ್ಟು ಐದು ಸಾವಿರದ ಎಂಟುನೂರು. ಬದುಕಿದ್ದ ಒಬ್ಬ ಮನುಷ್ಯನಿಗೆ ಆಸ್ಪತ್ರೆಯ ಖರ್ಚು, ಬೊಜ್ಜದ ಖರ್ಚು ಎರಡನ್ನೂ ಒಂದೇ ವರ್ಷ ಹಾಕಿದ ಮನೆ ನಮ್ಮದೊಂದೇ ಇರಬೇಕು.

ಬಾಬು ಊರಲ್ಲಿ ಏನೇನು ಹೇಳಿದ್ದಾನೋ ತಿಳಿಯದು. ನೀವು ಇಲ್ಲಿಲ್ಲದಾಗ ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ.

ಹೋದ ವರ್ಷ ಜೂನಿನಲ್ಲಿ ಇವರು ಬೆಳಿಗ್ಗೆ ಸೈಕಲ್ಲಿನಲ್ಲಿ ತರಕಾರಿ ತರುತ್ತಿದ್ದಾಗ ಚರ್ಮದ ವ್ಯಾಪಾರಿಯೊಬ್ಬರ ಕಾರು ಹಿಂದಿನಿಂದ ಗುದ್ದಿತು. ಸೈಕಲ್ಲು ನೆಟ್ಟಗಿತ್ತು. ಮೂಟೆಯ ಕುಂಬಳಕಾಯಿ ಒಂದೂ ಒಡೆದಿರಲಿಲ್ಲ. ಒಡೆದದ್ದು ಇವರ ತಲೆ. ಆಪರೇಷನ್ ಆಯಿತು, ಉಸಿರು ಉಳಿಯಿತು, ಎಚ್ಚರ ಬರಲಿಲ್ಲ. ಯಾವಾಗ ಏಳುತ್ತಾರೆ ಎಂದು ಕೇಳಿದಾಗಲೆಲ್ಲ ದೊಡ್ಡ ಡಾಕ್ಟರು "ಸೊಲ್ಲ ಮುಡಿಯಾದಮ್ಮಾ" ಎನ್ನುತ್ತಿದ್ದರು. ಹೇಳಲಾಗದು ತಾಯಿ ಎಂಬ ಆ ಒಂದೇ ಮಾತಿಗೆ ನಾನು ವಾರ್ಡಿನ ಬಾಡಿಗೆ ಕಟ್ಟಿದ್ದೇನೆ. ಐದನೆಯ ತಿಂಗಳಿಗೆ, ಇಲ್ಲಿ ಮಾಡುವುದನ್ನು ಮನೆಯಲ್ಲೇ ಮಾಡಬಹುದು ಎಂದು ಕೊಳವೆ ಹಾಕುವುದನ್ನು ಕಲಿಸಿ ಕಳಿಸಿದರು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಅಕ್ಕಿಮೂಟೆ ತೆಗೆಸಿ ಮಂಚ ಹಾಕಿಸಿದೆ.

ಆಮೇಲೆ ಶುರುವಾದದ್ದು ಕಾಯಿದೆ. ಬ್ಯಾಂಕಿನ ದುಡ್ಡು ಇವರ ಹೆಸರಲ್ಲಿ, ಹೋಟೆಲಿನ ಲೈಸೆನ್ಸು ಇವರ ಹೆಸರಲ್ಲಿ, ಪೆಟ್ಟು ತಿಂದವರೂ ಇವರೇ. ರುಜು ಹಾಕಬೇಕಾದ ಕೈ ಮಾತ್ರ ಹೊದಿಕೆಯ ಮೇಲೆ ಬಿದ್ದಿತ್ತು. ತಿರುವಲ್ಲಿಕ್ಕೇಣಿಯ ವಕೀಲರು ಪಂಢರಿನಾಥರಾಯರ ಹತ್ತಿರ ಹೋದೆ.

"ನೋಡಮ್ಮಾ, ಸತ್ತವರ ಪರವಾಗಿ ಹೆಂಡತಿ ಪರಿಹಾರ ಕೇಳಬಹುದು. ಬದುಕಿದವರು ತಾವೇ ಕೇಳಬಹುದು. ನಿಮ್ಮ ಯಜಮಾನರು ಎರಡೂ ಅಲ್ಲ. ಕಾಯಿದೆಗೆ ಇವರು ಅರ್ಥವಾಗೋದಿಲ್ಲ" ಎಂದರು.

"ನನಗೂ ಇಪ್ಪತ್ತು ವರ್ಷದಿಂದ ಅರ್ಥವಾಗಿಲ್ಲ ಸ್ವಾಮಿ, ಆದರೂ ಸಂಸಾರ ನಡೆಸಲಿಲ್ಲವೇ?" ಎಂದೆ. ನಕ್ಕರು. ಫೀಸಿನಲ್ಲಿ ಒಂದು ಕಾಸೂ ಬಿಡಲಿಲ್ಲ.

ಇವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಇವರ ಪರವಾಗಿ ಹೆಂಡತಿ ದಾವೆ ನಡೆಸಲಿ ಎಂದು ಕೋರ್ಟು ಒಪ್ಪಬೇಕು, ಅದಕ್ಕೆ ರಕ್ತಸಂಬಂಧಿಗಳಿಗೆ ನೋಟೀಸು ಹೋಗಬೇಕು ಎಂದರು. ಆ ನೋಟೀಸೇ ನಿಮಗೆ ಬಂದದ್ದು. ಅದನ್ನು ಓದಿದವರು ಯಾರೋ, ಸುಗುಣಾ ತನ್ನ ಗಂಡನಿಗೆ ಹುಚ್ಚು ಎಂದು ಬರೆಸಿ ಆಸ್ತಿ ಹೊಡೆಯುತ್ತಾಳೆ ಎಂದು ನಿಮ್ಮ ತಲೆಗೆ ಹಾಕಿದರು. ನೀವು ದೈವ ಮೈಮೇಲೆ ಬರುವ ದರ್ಶನದಲ್ಲಿ ಕೇಳಿಸಿದಿರಿ. "ಅವ ಹೊರ್ಟ್ ಹೋಯಿದ. ದಾರಿ ಸಿಕ್ದೆ ತಿರ್ಗ್ತಿದ್ದ" ಎಂದು ನುಡಿಯಾಯಿತಂತೆ. ಮದರಾಸಿನಲ್ಲಿ ಮಲಗಿರುವುದು ಬರೀ ಮೈ, ಜೀವ ಬೀದಿಯಲ್ಲಿ ಅಲೆಯುತ್ತಿದೆ ಎಂದರೆ ಎತ್ತಿ ಸಾಕಿದ ಅಕ್ಕ ಸುಮ್ಮನಿರುತ್ತಾಳೆಯೇ? ದಾರಿ ತೋರಿಸಲು ಬೊಜ್ಜ ಮಾಡಿಸಿದಿರಿ. ನಮ್ಮ ಅಳಿಯಕಟ್ಟಿನಲ್ಲಿ ಗಂಡಸು ಎಲ್ಲಿ ದುಡಿದರೂ ಹುಟ್ಟಿದ ಮನೆಯ ಸ್ವತ್ತು, ಸೋದರಳಿಯನೇ ಪಿಂಡ ಇಡಬೇಕು. ಹೆಂಡತಿಯನ್ನು ಕೇಳುವ ಪದ್ಧತಿ ಇಲ್ಲ. ನಾನದನ್ನು ತಪ್ಪು ಎನ್ನುವುದಿಲ್ಲ. ಒಂದು ತಂತಿ ಕೊಡಬಹುದಿತ್ತು, ಅಷ್ಟೆ.

ಕಾರ್ಡು ಬಂದ ದಿನ ಹೇಳುತ್ತೇನೆ. ನಾನು ಕೊಳವೆಯಲ್ಲಿ ಹಾಲು ಬಿಡುತ್ತಿದ್ದೆ. ಪೋಸ್ಟಿನವ ಕೋಣೆಯ ಬಾಗಿಲಿಗೇ ಬಂದು ಕೊಟ್ಟುಹೋದ. ಬಾಬು ತನ್ನ ತಂಗಿಯ ಮದುವೆಯ ಹಳೆಯ ವಿಳಾಸಪಟ್ಟಿ ಇಟ್ಟುಕೊಂಡು ಬರೆದಿರಬೇಕು. ಮೇಲೆ ವಿಳಾಸ, ಶ್ರೀ ಶೀನ ಶೆಟ್ಟರು, ಕಾಫಿ ಹೋಟೆಲು, ತಾಂಬರಂ. ಒಳಗೆ, ದಿವಂಗತ ಶೀನ ಶೆಟ್ಟರ ಉತ್ತರಕ್ರಿಯೆಗೆ ತಾವು ಸಕುಟುಂಬ ಬಂದು ಮೃತರ ಆತ್ಮಕ್ಕೆ ಶಾಂತಿ ಕೋರಬೇಕು. ಒಂದು ಕೈಯಲ್ಲಿ ಹಾಲಿನ ಲೋಟ, ಒಂದು ಕೈಯಲ್ಲಿ ಅವರ ಬೊಜ್ಜಕ್ಕೆ ಅವರಿಗೇ ಬಂದ ಕರೆಯೋಲೆ. ನಾನು ಅದನ್ನು ಅವರಿಗೆ ಓದಿ ಹೇಳಿದೆ ಅತ್ತಿಗೆ. ಯಾಕೆ ಓದಿದೆನೋ ತಿಳಿಯದು. ಅವರ ಹೆಸರಿಗೆ ಬಂದ ಕಾಗದ, ಅವರಿಗೆ ಹೇಳಬೇಡವೇ?

ಬೊಜ್ಜದ ದಿನ ಮಧ್ಯಾಹ್ನ ಹಾಲು ಒಳಗೆ ಇಳಿಯಲಿಲ್ಲ. ಕೊಳವೆ ಕಟ್ಟಿರಲಿಲ್ಲ, ತೆಗೆದು ನೋಡಿದೆ. ಹೊಟ್ಟೆ ತುಂಬಿದವರು ಲೋಟ ದೂಡುವ ಹಾಗೆ ಹಾಲು ಹಿಂದೆ ಬರುತ್ತಿತ್ತು. ಊರಲ್ಲಿ ನೀವು ಅವರ ಹೆಸರಿಗೆ ಎಲೆ ಇಟ್ಟ ಹೊತ್ತು ಅದೇ ಎಂದು ಆಮೇಲೆ ಬಾಬುವಿನಿಂದ ತಿಳಿಯಿತು. ಡಾಕ್ಟರಿಗೆ ಹೇಳಿದರೆ ಅಜೀರ್ಣ ಎಂದರು. ನಾನೂ ಅಜೀರ್ಣ ಎಂದೇ ಇಟ್ಟುಕೊಂಡಿದ್ದೇನೆ.

ಹೋಟೆಲಿನವರೆಲ್ಲ ನಮ್ಮೂರ ಕಡೆಯವರೇ. ಕಾರ್ಡಿನ ಸುದ್ದಿ ಹಬ್ಬಿದ ಮೇಲೆ ಹಿಂದಿನ ಕೋಣೆಗೆ ಯಾರೂ ಕಾಲಿಡಲಿಲ್ಲ. ಅಡಿಗೆಯ ವಿಷ್ಣುತೀರ್ಥ ಭಟ್ಟರು ಹಾಲನ್ನು ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದರು. "ಒಳಗೆ ಬನ್ನಿ ಭಟ್ಟರೇ, ಕಚ್ಚುವುದಿಲ್ಲ" ಎಂದರೆ, "ಇದ್ದವರಿಗಾದ್ರೆ ಹೆದ್ರೂದಿಲ್ಲ, ಸತ್ತವರಿಗೂ ಹೆದ್ರೂದಿಲ್ಲ ಸುಗುಣಮ್ಮ. ಇವರು ಯಾವ ಲೆಕ್ಕ ಅಂತ ಗೊತ್ತಾಗ್ಲಿ" ಎಂದರು. ಯಜಮಾನರು ಗಲ್ಲಾದಲ್ಲಿ ಕೂತದ್ದನ್ನು ಕಂಡೆ ಎಂದು ಸಪ್ಲೈಯರ್ ಒಬ್ಬ ಕೆಲಸ ಬಿಟ್ಟ. ಗಲ್ಲಾದಲ್ಲಿ ಕೂತಿದ್ದವಳು ನಾನು, ಅವರ ಮಫ್ಲರ್ ಸುತ್ತಿಕೊಂಡು. ಆದರೂ ಆಮೇಲೆ ಮಫ್ಲರ್ ಹಾಕಲಿಲ್ಲ.

ಅದೇ ಕಾರ್ಡು ಮದರಾಸಿನ ನಮ್ಮವರ ಹೋಟೆಲುಗಳಿಗೆಲ್ಲ ಹೋಗಿತ್ತಲ್ಲ. ಎಲ್ಲೋ ಒಂದು ಕಡೆ ಗಲ್ಲಾದ ಹಿಂದೆ ಸಿಕ್ಕಿಸಿದ್ದರಂತೆ. ಕಾರಿನ ವಿಮೆಯವರ ವಕೀಲ, ಕನ್ನಡ ಓದಲು ಬಲ್ಲವನು, ಕಾಫಿ ಕುಡಿದು ದುಡ್ಡು ಕೊಡುವಾಗ ಹೆಸರು ನೋಡಿದ. ಮುಂದಿನ ವಾಯಿದೆಗೆ ಅದನ್ನು ಜಡ್ಜಿಗೆ ಕೊಟ್ಟು, ಶೀನ ಶೆಟ್ಟರು ತೀರಿಕೊಂಡಿದ್ದಾರೆ, ಸ್ವಂತ ಅಕ್ಕನೇ ಊಟ ಹಾಕಿದ್ದಾಳೆ, ತಾಂಬರಂನಲ್ಲಿ ಮಲಗಿಸಿರುವುದು ಯಾವನೋ ಬೇರೆಯವನನ್ನು ಎಂದ. ಪಂಢರಿನಾಥರಾಯರ ಮುಖ ಸುಣ್ಣವಾಯಿತು. ಸತ್ತರೆಂದಾದರೆ ಇವರ ದಾವೆ ಅಲ್ಲಿಗೇ ಮುಗಿಯಿತು, ವಿಧವೆಯೆಂದು ನಾನು ಹೊಸದಾಗಿ ಹಾಕುವ ಗಡುವೂ ದಾಟಿತ್ತು. ನಮ್ಮ ಡಾಕ್ಟರ ಸರ್ಟಿಫಿಕೇಟು, ಆಸ್ಪತ್ರೆಯ ಚೀಟಿ, ಎಲ್ಲದರಲ್ಲೂ ಹೆಸರು ಬರೆಸಿದವಳು ನಾನೇ ಎಂದು ಆಕ್ಷೇಪಣೆ. ಕೊನೆಗೆ ಜಡ್ಜು, ಸತ್ತರು ಎಂದವರೇ ಬಂದು ಮುಖ ನೋಡಿ ಹೇಳಲಿ ಎಂದು ಆಜ್ಞೆ ಮಾಡಿದರು.

ನೀವು ಬಾಬುವನ್ನು ಕರೆದುಕೊಂಡು ಬಂದಿರಿ. ಬರುವುದು ಸುಲಭವಿರಲಿಲ್ಲ, ಗೊತ್ತು. ಬದುಕಿದ್ದಾನೆ ಎಂದರೆ ದೈವದ ಮಾತು ಸುಳ್ಳು, ಇದ್ದವನಿಗೆ ಪಿಂಡವಿಟ್ಟ ಪಾಪ ನಿಮಗೆ. ಸತ್ತಿದ್ದಾನೆ ಎಂದರೆ ಹಾಲು ನಿಲ್ಲುತ್ತದೆ.

ಮುಂದಿನದು ನಿಮಗೆ ಗೊತ್ತು, ಆದರೆ ನೀವು ನಮಗೆ ಬೆನ್ನು ಹಾಕಿದ್ದಿರಿ. ನಮಗೆ ಕಂಡದ್ದನ್ನು ಹೇಳುತ್ತೇನೆ. ಹೇಳಿಕೆ ಬರೆದುಕೊಳ್ಳಲು ಕೋರ್ಟು ಕಳಿಸಿದ ಕಮಿಷನರು ಮೂಲೆಯಲ್ಲಿ ಉಳಿದಿದ್ದ ಒಂದು ಅಕ್ಕಿಮೂಟೆಯ ಮೇಲೆ ಕೂತು ಪೆನ್ನು ತೆರೆದರು. ವಿಮೆಯ ವಕೀಲ ಬಾಬುವಿನ ತಲೆಯ ಮೋಟು ಕೂದಲು ತೋರಿಸಿ, ಮಾವನಿಗಾಗಿ ಬೋಳಿಸಿದ್ದಲ್ಲವೇ ಎಂದು ನಕ್ಕ. ನೀವು ಮಂಚದ ಬಳಿ ಹೋಗಿ ಬಗ್ಗಿ ನೋಡಿದಿರಿ. ಗುಳಿಬಿದ್ದ ಕೆನ್ನೆ, ಹೊಲಿಗೆಯ ತಲೆ, ಸೊಟ್ಟ ಬಾಯಿ.

"ಇದ್ ನಮ್ ಶೀನ ಅಲ್ಲ" ಎಂದಿರಿ.

ಕಮಿಷನರು ಬರೆದುಕೊಂಡರು. ಪೆನ್ನಿನ ಸದ್ದು ಕೇಳಿಸಿತು. ಪಂಢರಿನಾಥರಾಯರು ನನ್ನ ಕಡೆ ನೋಡಿದರು. ಮಾತಿನಮಲ್ಲಿ ಎಂದು ಹೆಸರು ಪಡೆದವಳು ನಾನು. ಹೊದಿಕೆಯ ಸುಕ್ಕು ಬಿಡಿಸುತ್ತ ನಿಂತೆ. ಯಾಕೆಂದರೆ ಒಮ್ಮೊಮ್ಮೆ ಮುಖ ಒರೆಸುವಾಗ ನನಗೂ ಹಾಗೇ ಅನಿಸಿದ್ದುಂಟು.

ನೀವು ಹೊರಡಲು ತಿರುಗಿದವರು, ಏನನಿಸಿತೋ, ಬಾಗಿಲ ಹತ್ತಿರ ನಿಂತು ಗದ್ದೆಯ ಆಚೆ ಬದಿಗೆ ಕೇಳುವ ಹಾಗೆ ಕೂಗಿದಿರಿ: "ಶೀನಾ ಓ! ಗಂಜಿ ಆರಿ ಹೋಯ್ತ್, ಬಾ ಮರಾಯಾ!"

ಅವರ ಕುತ್ತಿಗೆ ತಿರುಗಿತು. ಅತ್ತಿಗೆ, ಹದಿಮೂರು ತಿಂಗಳು ನಾನು ತಿರುಗಿಸಿದರೆ ತಿರುಗಿ, ಬಿಟ್ಟರೆ ಬೀಳುತ್ತಿದ್ದ ಕುತ್ತಿಗೆ. ಬಾಗಿಲ ಕಡೆಗೆ ತಿರುಗಿ, ಬಾಯಿ ಸ್ವಲ್ಪ ತೆರೆಯಿತು. ವಿಮೆಯ ವಕೀಲನೇ ಎದ್ದು ನಿಂತ. ಕಮಿಷನರು ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. ನೀವು ನೆಲದ ಮೇಲೆ ಕೂತು ಅತ್ತಿರಿ. ನಾನು ಆಚೆ ಹೋಗಿ ಎಲ್ಲರಿಗೂ ಕಾಫಿ ಹೇಳಿದೆ. ನನಗೆ ಸಂತೋಷವಾಗಬೇಕಿತ್ತು.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಬೊಜ್ಜ ಆದವರು ಬದುಕಿದ್ದರೆ ಮತ್ತೆ ಹುಟ್ಟಿದ ಹಾಗೆ ಹೆಸರಿಡಬೇಕು, ಹೆಂಡತಿಗೆ ಮತ್ತೆ ಧಾರೆ ಎರೆಯಬೇಕು, ಅದೆಲ್ಲ ಹುಟ್ಟಿದ ಮನೆಯಲ್ಲೇ ಆಗಬೇಕು ಎಂದು ಪುರೋಹಿತರು ಹೇಳಿದ್ದಾರೆ ಎಂದಿರಿ. ಅಂದರೆ ಇಲ್ಲಿನ ಕೋರ್ಟಿನಲ್ಲಿ ನಾನು ಹೆಂಡತಿ, ನಿಮ್ಮ ಚಾವಡಿಯಲ್ಲಿ ವಿಧವೆ. ನಲವತ್ತು ದಾಟಿದವಳನ್ನು ಎರಡನೇ ಸಲ ಮದುಮಗಳು ಮಾಡುತ್ತೀರಿ, ಸಂತೋಷ. ಆದರೆ ಘಟ್ಟ ಇಳಿಯುವ ಬಸ್ಸಿನ ಕುಲುಕಾಟಕ್ಕೆ ಆ ತಲೆ ತಡೆಯದು ಎಂದು ಡಾಕ್ಟರು ಹೇಳಿದ್ದಾರೆ. ಇವರ ಮೈಗೆ ನಾನು ಜವಾಬ್ದಾರಳು ಎಂದು ತೀರ್ಪಿನಲ್ಲೂ ಬರೆದಿದೆ. "ಅವನು ತಿರುಗಿದ್ದು ನನ್ನ ಕೂಗಿಗೆ, ಅವನು ನಮ್ಮವನು" ಎಂದು ಬರೆಸಿದ್ದೀರಿ. ಹೌದು, ತಿರುಗಿದ್ದು ನಿಮಗೇ. ಅದನ್ನು ನಾನು ಯಾವ ಕೋರ್ಟಿನಲ್ಲೂ ಇಲ್ಲ ಎನ್ನುವುದಿಲ್ಲ. ಕಳಿಸುವುದು ಮಾತ್ರ ಆಗದು.

ಯಾರಿಗೆ ಏನು ಸಿಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ಪರಿಹಾರ ಹನ್ನೆರಡು ಸಾವಿರ, ಅದು ಇವರ ಹೆಸರಲ್ಲಿ ಬ್ಯಾಂಕಿನಲ್ಲಿ. ಬಡ್ಡಿ ನನ್ನ ಕೈಗೆ, ಇವರ ಹಾಲಿಗೆ. ಪಂಢರಿನಾಥರಾಯರಿಗೆ ಫೀಸು, ಜೊತೆಗೆ ಕೋರ್ಟಿನಲ್ಲಿ ಹೇಳಿಕೊಂಡು ನಗಲು ಒಂದು ಕಥೆ. ಚರ್ಮದ ವ್ಯಾಪಾರಿಗೆ ಕಾರು ರಿಪೇರಿ. ವಿಷ್ಣುತೀರ್ಥ ಭಟ್ಟರಿಗೆ ಹೊಸ್ತಿಲು ದಾಟುವ ಧೈರ್ಯ. ಬಾಬುವಿಗೆ ಕೂದಲು ಬರುತ್ತದೆ. ನಿಮಗೆ ತಮ್ಮ. ನನಗೆ ತೀರ್ಪಿನ ನಕಲು, ಮೊಹರು ಸಹಿತ.

ಇಂತು ನಿಮ್ಮ ಮನೆಯ ಸೊಸೆ, ಇನ್ನೂ ಧಾರೆಯಾಗದ,
ಸುಗುಣಾ

ತಾ.ಕ.: ಬಾಬು, ಇಲ್ಲಿಂದ ಮುಂದೆ ಅಮ್ಮನಿಗೆ ಮಾತ್ರ ಕೇಳುವ ಹಾಗೆ ಓದು. ಅತ್ತಿಗೆ, ನೀವು ಹೋದ ಮೂರನೆಯ ದಿನ ನಾನು ಬಾಗಿಲು ಹಾಕಿ, ನಿಮ್ಮ ಸ್ವರ ಮಾಡಿ, ಗಂಜಿ ಆರಿ ಹೋಯ್ತ್ ಎಂದು ಕೂಗಿದೆ. ತಿರುಗಿದರು. ಬಾಯಿ ತೆರೆದರು. ಚಮಚದಲ್ಲಿ ಗಂಜಿ ಇಟ್ಟೆ, ನುಂಗಿದರು. ಈಗ ಕೊಳವೆ ಇಲ್ಲ. ದಿನಕ್ಕೆ ಮೂರು ಹೊತ್ತು ನಾನು ನೀವಾಗುತ್ತೇನೆ. ನನ್ನ ಸ್ವರದಲ್ಲಿ "ಕೇಳಿಸಿತಾ?" ಎಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಮೊನ್ನೆಯಿಂದ ಆ ಕೂಗಿಗೂ ನಿಧಾನವಾಗಿ ತಿರುಗುತ್ತಿದ್ದಾರೆ, ಕಳ್ಳಸ್ವರ ಗೊತ್ತಾಗುತ್ತಿರಬೇಕು. ಸಣ್ಣದಿರುವಾಗ ಅವರನ್ನು ಇನ್ನೂ ಏನೇನೆಂದು ಕರೆಯುತ್ತಿದ್ದಿರಿ, ಬರೆಸಿ ಕಳಿಸಿ. ಇಲ್ಲವಾದರೆ ನೀವೇ ಬನ್ನಿ. ಬಂದರೆ ಅಡಿಗೆಮನೆಯ ಪಕ್ಕದ ಕೋಣೆ ನಿಮಗೆ. ಬೇಗ ಬನ್ನಿ.