ವಿಮೆಯವರ ಫಾರಂ

ಲಾನಿ,

"ನಮ್ಮ ದುಡ್ಡನ್ನ ವಿಮೆಯವರ ಬಾಯಿಗೆ ನೀನೇ ಇಟ್ಟೆ ಕಣೇ, ಪೆದ್ದಿ" ಎಂದು ನಿನ್ನ ತಮ್ಮನ ಮುಂದೆ ಕೂಗಿದೆಯಲ್ಲ. ಹೌದು, ನಾನೇ.

ನನ್ನ ಸೊಂಟ ಹೇಗೆ ಮುರಿಯಿತು ಎಂದು, ಆಸ್ಪತ್ರೆ ಬಿಲ್ ಕಟ್ಟಿದ ನನ್ನ ಕಂಪನಿಯ ವಿಮೆಯವರು ಫಾರಂ ಕಳಿಸಿದ್ದರು. ಕಾಳಜಿಯಿಂದ ಕೇಳುತ್ತಿದ್ದಾರೆ ಎಂದುಕೊಂಡೆ. ಹಾಲಿನ ಲಾರಿ ಗುದ್ದಿದ್ದು, ನಮ್ಮ ವಕೀಲನ ಹೆಸರು, ಎಲ್ಲ ಬರೆದು ಕೊನೆಗೆ ಥ್ಯಾಂಕ್ಸ್ ಎಂದೂ ಸೇರಿಸಿದೆ. ಟಪಾಲಿಗೆ ಹಾಕಿದವನು ನೀನು.

ಈಗ ಲಾರಿಯವರು ಕೊಟ್ಟ ಪರಿಹಾರವನ್ನೆಲ್ಲ ತಾವು ಕಟ್ಟಿದ ಆಸ್ಪತ್ರೆ ಖರ್ಚಿನ ಲೆಕ್ಕದಲ್ಲಿ ವಿಮೆಯವರೇ ಹಿಡಿದುಕೊಂಡರು. ಕೋಳಿ ಮಾಂಸದ ಕಾರ್ಖಾನೆಯಲ್ಲಿ ಇನ್ನು ನಾನು ನಿಂತು ಕೆಲಸ ಮಾಡಲಾರೆ. ಆ ದುಡ್ಡಲ್ಲೇ ನಾನು ಬದುಕಬೇಕಿತ್ತು. ನಿನ್ನ ಕಣ್ಣಿಗೆ ಅದು ಹೊಸ ಪಿಕಪ್ ಗಾಡಿ ಆಗಿತ್ತು.

ಬೀನ್ಸ್ ಸೂಪ್ ಒಲೆಯ ಮೇಲಿದೆ, ಬಿಸಿ ಮಾಡಿಕೋ. ನಾಯಿಗೆ ಊಟ ಹಾಕಿದ್ದೇನೆ.

ಸಿಟ್ಟೂ ಬರುತ್ತಿಲ್ಲ. ನನ್ನನ್ನು ಕರೆದೊಯ್ಯಲು ಅಕ್ಕ ಐಡೆಲ್ ತನ್ನ ಕಾರು ತಂದಿದ್ದಾಳೆ. ಮನೆಯ ಕೀಲಿ ಈ ಚೀಟಿಯ ಮೇಲಿದೆ, ನನಗಿನ್ನು ಬೇಡ.

ವರ್ನಾ