ಎರಡಾಳಿನ ಬಟ್ಟೆ

ವಿಟ್‌ಕೋಂಬ್, ವಿಲ್ಟ್‌ಷೈರ್
೧೪ ಅಕ್ಟೋಬರ್ ೧೭೧೯

ಮಗಳು ಡ್ಯಾಮರಿಸ್‌ಗೆ ಅಮ್ಮನ ಆಶೀರ್ವಾದಗಳು.

ಸೋಮವಾರ ಜಮೀನ್ದಾರರ ಪಾರುಪತ್ಯಗಾರ ಹರ್ಲ್ ಅಳತೆಕೋಲು ಹಿಡಿದು ಬಂದಿದ್ದ. ಮಗ್ಗದ ಮೇಲಿದ್ದ ಬಟ್ಟೆಯ ಅಗಲ ಅಳೆದ. ಎರಡು ಗಜಕ್ಕೂ ಮಿಕ್ಕಿತ್ತು, ಒಬ್ಬರೇ ನೇಯಲಾಗದ ಅಗಲ.

"ಏನಮ್ಮಾ ಟಾಮಸಿನ್, ಗಂಡ ಹೋಗಿ ಎರಡು ವರ್ಷ ಆಯ್ತು. ಇಷ್ಟಗಲದ ಬಟ್ಟೆಗೆ ಆ ತುದಿಯಿಂದ ಲಾಳಿ ಎಸೆಯೋರು ಯಾರು? ಅವನ ದೆವ್ವಾನಾ?" ಎಂದ.

"ದೆವ್ವ ಆಗಿದ್ರೆ ಊಟನಾದ್ರೂ ಉಳೀತಿತ್ತು ಸ್ವಾಮಿ. ನನ್ನ ಮಗಳು ಬಂದು ಎಸೀತಾಳೆ" ಎಂದೆ.

ಅವನು ನಂಬಲಿಲ್ಲ. ನೇಕಾರ ಆಂಬ್ರೋಸ್‌ನ ಹೆಸರೆತ್ತಿದ. ಹೆಂಡತಿ ಸತ್ತ ಗಂಡಸಿನ ಹೆಸರು ಯಾರ ಬಾಯಿಗಾದರೂ ಸುಲಭ.

ಊರಿನ ಕಟ್ಟಳೆ ನಿನಗೆ ಗೊತ್ತು. ವಿಧವೆ ಒಂಟಿಯಾಗಿರುವವರೆಗೆ ಗಂಡನ ಮನೆ ಅವಳದು. ಮದುವೆಯಾದರೆ, ಇಲ್ಲವೇ ಗಂಡಸಿನ ಸಂಗ ಸಾಬೀತಾದರೆ, ಅಂದೇ ಹೊರಗೆ. ಆಮೇಲೆ ಮನೆ ನಿನಗೆ ಸೇರುತ್ತದೆ.

ಚಾಡಿ ಹೇಳಿದವಳು ಪಕ್ಕದ ಮನೆಯ ಜೋನ್ ಎಂದುಕೊಂಡಿದ್ದೆ. ಅವಳನ್ನೇ ಕೇಳಿದೆ. "ನಿನ್ ಮನೇಲಿ ಇಣುಕೋಕೆ ನಂಗೇನು ಬೇರೆ ಕೆಲಸ ಇಲ್ವೇನೇ?" ಎಂದು ರೇಗಿದಳು. ಆದರೆ ಸೋಮವಾರ ಹರ್ಲ್ ನೇರವಾಗಿ ಹಿತ್ತಿಲಿಗೆ ಹೋಗಿ, ಹಿಂಬಾಗಿಲ ಅಗುಳಿಯನ್ನು ಹೊರಗಿನಿಂದ ಎತ್ತುವ ದಾರ ಎಳೆದು ನೋಡಿದ್ದ. ಕಲ್ಲಿನ ಸಂದಿಯಲ್ಲಿರುವ ಆ ದಾರ ಜೋನ್‌ಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಕಟ್ಟಿದವಳು ನೀನು. ಗೊತ್ತಿದ್ದ ಇನ್ನೊಬ್ಬರು ನಿನ್ನ ಅಪ್ಪ.

ನಾನು ಏನನ್ನೂ ಹೇಳುತ್ತಿಲ್ಲ. ನೀನು ಬಾಯಿತಪ್ಪಿ ನಿನ್ನ ಗಂಡನ ಮುಂದೆ ಅಂದಿರಬಹುದು.

ಮುಂದಿನ ಮಂಗಳವಾರ ಜಮೀನ್ದಾರರ ನ್ಯಾಯಸಭೆ. ನೀನು ಬಂದು, "ಆ ತುದಿಯಿಂದ ಲಾಳಿ ಎಸೆಯುತ್ತಿದ್ದವಳು ನಾನೇ" ಎಂದು ಬೈಬಲ್ ಮುಟ್ಟಿ ಹೇಳಬೇಕು. ಹೇಳಿದರೆ ನಾನು ಸಾಯುವವರೆಗೆ ಈ ಮನೆಯಲ್ಲಿರುತ್ತೇನೆ. ಹೇಳದಿದ್ದರೆ ಏನಾಗುತ್ತದೆಂದು ಮತ್ತೆ ಬರೆಯಬೇಕಾಗಿಲ್ಲ.

ಇಂತಿ, ನಿನ್ನ ಅಮ್ಮ
ಟಾಮಸಿನ್

ಮರೆತ ಮಾತು: ಪತ್ರ ಒಯ್ಯುವವರು ಸಿಗದೆ ಎರಡು ದಿನ ಇಲ್ಲೇ ಉಳಿಯಿತು. ನಿನ್ನೆ ನಿನ್ನ ಗಂಡ ರೂಬೆನ್ ಬಂದಿದ್ದ. ಮಲಗುವ ಕೋಣೆಯ ಅಗಲವನ್ನು ಹೆಜ್ಜೆಯಿಂದ ಅಳೆದ. ಯಾಕೆಂದು ಕೇಳಿದರೆ, "ಸುಮ್ನೆ ಅತ್ತೆ. ನಮ್ಮ ಮಂಚ ಹಿಡಿಯುತ್ತಾ ಅಂತ" ಎಂದ. ನೀನು ಪ್ರಮಾಣ ಮಾಡಲು ಬರಬೇಡ, ಮನೆ ತೆಗೆದುಕೊ. ಮಗ್ಗ ನನ್ನದು. ಅದು ಇಡಿಯಾಗಿ ಬಾಗಿಲಲ್ಲಿ ಹಿಡಿಯುವುದಿಲ್ಲ. ನಾಳೆ ಬೆಳಿಗ್ಗೆ, ಊರೆಲ್ಲ ನೋಡುವ ಹೊತ್ತಿಗೆ, ಎಂದಿನಂತೆ ಆ ತುದಿಯಿಂದ ಆಂಬ್ರೋಸ್, ಈ ತುದಿಯಿಂದ ನಾನು ಅದನ್ನು ಬಿಚ್ಚುತ್ತೇವೆ.