ಫೋಟೋದ ಮೂಲೆಯ ದೀಪದ ಕಂಬ

ಮಾರ್ಚ್ 9, ಭಾನುವಾರ, ಬೆಳಿಗ್ಗೆ 6.30

ಪೇಪರ್ ಬಂತು. ಮೊದಲು ಹವಾಮಾನ, ಆಮೇಲೆ ನಿಧನವಾರ್ತೆ, ಕೊನೆಗೆ ನನ್ನ ಅಂಕಣ — ಇಪ್ಪತ್ತು ವರ್ಷದ ಅಭ್ಯಾಸ. ಇವತ್ತು ಸಾವಿರನೆಯದು. ಅರ್ಧ ಪುಟ ಫೋಟೋ. ಗಂಡು ಮಂಗಟ್ಟೆ ಹಕ್ಕಿ ಅತ್ತಿಹಣ್ಣು ಕಚ್ಚಿಕೊಂಡು ಪೊಟರೆಯ ಸೀಳಿಗೆ ಬಾಗಿದೆ. ಹೆಣ್ಣು ಒಳಗೆ. ಪೊಟರೆಯ ಬಾಯಿಗೆ ಗೋಡೆ ಕಟ್ಟಿಕೊಂಡು, ರೆಕ್ಕೆಗರಿ ಉದುರಿಸಿಕೊಂಡು ಕೂತಿದೆ. ಗಂಡು ತಂದರೆ ಊಟ. ಇಲ್ಲದಿದ್ದರೆ ಅಲ್ಲೇ ಸಮಾಧಿ.

ಬೆಳಕು ಸೊಗಸಾಗಿ ಬಿದ್ದಿದೆ. ಎರಡನೇ ಚಹಾದ ಹೊತ್ತಿಗೆ ಕನ್ನಡಕ ಹಾಕಿ ಮತ್ತೆ ನೋಡಿದೆ. ಎಡಗಡೆ ಕೆಳಮೂಲೆ... ತಲೆ ಮುರಿದ, ಗುಡಿಯ ಕಲ್ಲಿನ ದೀಪದ ಕಂಬ.

ಅಯ್ಯೋ ದೇವರೇ.

ಗೂಡಿನ ಫೋಟೋ ಅಂಚು ಕತ್ತರಿಸಿಯೇ ಕಳಿಸಬೇಕು. ಜಾಗದ ಗುರುತು ಸಿಗುವಂಥ ಕಲ್ಲು, ಗುಡ್ಡ, ಗುಡಿ ಏನೂ ಕಾಣಬಾರದು. ಊರಿಗೆಲ್ಲ ಪಾಠ ಹೇಳಿದವನು ನಾನೇ. ಈ ಸಲ ಪೂರ್ತಿ ಕಳಿಸಿದೆ. ಸಾವಿರನೆಯದೆಂಬ ಜಂಭ! ಆ ಕಂಬ ವಾಘಜಾಯಿ ದೇವಿಯ ಬನದ್ದೆಂದು ರತ್ನಾಗಿರಿ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತು.

ಮಾರ್ಚ್ 10

ಬನದ ಪೂಜಾರಿ ಸೋನುಬಾ ಗುರವ್‌ಗೆ ಫೋನ್ ಮಾಡಿದೆ. ಯಾರೂ ಬಂದಿಲ್ಲವಂತೆ. ಉಸಿರು ಬಂತು.

ಮಾರ್ಚ್ 13

ಸೋನುಬಾನದೇ ಫೋನ್.

"ಮಾಸ್ತರ್ರೇ, ಐದು ಕಾರು ಬಂದವೆ. ಒಬ್ಬ ಮೊಬೈಲಲ್ಲಿ ಹಕ್ಕಿ ಕೂಗು ಹಾಕ್ತಾವ್ನೆ. ನಿಮ್ಮ ಕಡೆಯೋರಾ?"

ಅಲ್ಲ ಅಂದೆ. ಅಂದಮೇಲೆ ನಾಚಿಕೆಯಾಯಿತು. ನನ್ನ ಕಡೆಯವರಲ್ಲದೆ ಮತ್ತಾರ ಕಡೆಯವರು?

ಮಾರ್ಚ್ 15, ಮಧ್ಯಾಹ್ನ

ಬೆಳಿಗ್ಗೆ ಐದಕ್ಕೇ ಬನಕ್ಕೆ ಹೋದೆ. ಮರದ ಬುಡದಲ್ಲಿ ಹದಿನಾಲ್ಕು ಜನ. 7.10ಕ್ಕೆ ಗಂಡು ಬಂತು. ಲೆನ್ಸುಗಳೆಲ್ಲ ಒಟ್ಟಿಗೇ ಮೇಲೆದ್ದವು. ಹಣ್ಣು ಕೊಕ್ಕಿನಲ್ಲಿಟ್ಟುಕೊಂಡೇ ತಿರುಗಿ ಹೋಯಿತು. ಎಂಟು. ಒಂಬತ್ತು. ಹತ್ತೂವರೆ. ಸೀಳಿನಿಂದ ಹೆಣ್ಣಿನ ಕೊಕ್ಕಿನ ತುದಿ ಹೊರಬಂತು. ಕಾಯಿತು. ಒಳಗೆ ಹೋಯಿತು. ನೋಡಲಾಗಲಿಲ್ಲ.

ಕೂಗಾಡಿದೆ. ಚಿಪಳೂಣಿನ ಒಬ್ಬ ಹುಡುಗಿ, ದುಬಾರಿ ಲೆನ್ಸು, ಮೆಲ್ಲಗೆ ಕೇಳಿದಳು: "ಸರ್, ನಿಮ್ಮ ಅಂಕಣ ಓದಿಯೇ ಬಂದ್ವಿ. ನೀವು ತೆಗೀಬಹುದು, ನಾವು ತೆಗೀಬಾರ್ದಾ?"



ಮಾರ್ಚ್ 16

ಸಂಪಾದಕ ಕರ್ಣಿಕ್‌ನ ಫೋನ್. ಖುಷಿಯೋ ಖುಷಿ. "ಬಾಪಟ್, ಮರಿ ಹೊರಗೆ ಬರೋ ಫೋಟೋ ನಿಮ್ಮದೇ ಆಗ್ಬೇಕು. ಮುಖಪುಟಕ್ಕೆ ಹಾಕ್ತೀನಿ."

ಇಪ್ಪತ್ತು ವರ್ಷದಿಂದ ಸಿಗದ ಫೋಟೋ ಅದೊಂದೇ. ಆಸೆ ಇಲ್ಲವೆಂದು ಇಲ್ಲಿಯೂ ಸುಳ್ಳು ಬರೆಯಲಾರೆ.

ಮಾರ್ಚ್ 18

ಗಂಡು ನಿನ್ನೆ ಒಂದೇ ಸಲ ಬಂದದ್ದು. ಊರವರು ಗುಡಿಯಲ್ಲಿ ಸೇರಿದರು. ಬೋರ್ಡು ಹಾಕಿದರೆ ಯಾರು ಕೇಳುತ್ತಾರೆ? ದೇವಿಯನ್ನೇ ಕೇಳೋಣ, ಕೌಲು ಹಚ್ಚೋಣ ಎಂದರು. ಸೋನುಬಾ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವೆಸಳು ಅಂಟಿಸಿದ. ಬಲದ್ದು ಮೊದಲು ಬಿದ್ದರೆ ಹೌದು. ಆಮೇಲೆ ಅಪ್ಪನಾಣೆಗೂ ಯಾರೂ ಮೀರುವಂತಿಲ್ಲ.

ನನ್ನ ಕಡೆ ತಿರುಗಿದ. "ಪ್ರಶ್ನೆ ನೀವೇ ಹೇಳಿ ಮಾಸ್ತರ್ರೇ. ನಿಮ್ಮನ್ನ ಬಿಟ್ಟು ಮಿಕ್ಕೋರು ಬರಬಾರ್ದು ಅಂತ ಕೇಳ್ಲಾ?"

ಹೂಂ ಎನ್ನಲು ಬಾಯಿ ತೆರೆದಿತ್ತು. ಎಲ್ಲರೂ ನೋಡುತ್ತಿದ್ದರು. ಹಿಂದೆ ಯಾರೋ ಮುದುಕಿ, "ಕಳ್ಳನ ಕೈಗೇ ಬೀಗದಕೈ ಕೊಡ್ತಾವ್ನೆ" ಎಂದಳು. ಮೆಲ್ಲಗೇ. ಕೇಳಿಸಲೆಂದೇ.

"ಯಾರೂ ಬೇಡ," ಅಂದೆ. "ಮರಿ ಹಾರೋವರೆಗೆ. ನಾನೂ ಬೇಡ."

ಕಾಲು ಗಂಟೆ ಎಸಳು ಅಲುಗಲಿಲ್ಲ. ಎಡದ್ದು ಜಾರಿತೆಂದುಕೊಂಡೆ, ಒಳಗೊಳಗೇ ಹಾಗೆಯೇ ಆಗಲಿ ಎಂದೂ ಅನ್ನಿಸಿತು — ಛೀ. ಬಲದ್ದು ಬಿತ್ತು.

ಮಾರ್ಚ್ 23, ಭಾನುವಾರ

ಅಂಕಣದಲ್ಲಿ ನನ್ನ ತಪ್ಪು ಬರೆದೆ. ಫೋಟೋ ಇಲ್ಲ. ಕರ್ಣಿಕ್: "ತಲೆ ಕೆಟ್ಟಿದೆಯಾ ನಿಮಗೆ?" ಆದರೂ ಒಂದಕ್ಷರ ತೆಗೆಯದೆ ಹಾಕಿದ್ದಾನೆ. ಪುಣ್ಯಾತ್ಮ.

ಗಂಡು ದಿನಕ್ಕೆ ಎರಡು ಸಲ ಬರುತ್ತಿದೆ ಎಂದ, ಪೂಜೆಗೆ ಹೋಗುವ ಸೋನುಬಾ. ಸಾಲದು.

ಏಪ್ರಿಲ್ 11

ತಾಯಿ ಗೋಡೆ ಒಡೆದು ಹೊರಬಂತಂತೆ. ಸಣಕಲಾಗಿದೆ. ಮರಿ ಒಳಗಿಂದ ಮತ್ತೆ ಗೋಡೆ ಕಟ್ಟಿಕೊಂಡಿದೆ. ಈಗ ಇಬ್ಬರೂ ಹಣ್ಣು ತರುತ್ತಿದ್ದಾರೆ. ಆದರೆ ಮರಿಯ ದನಿ ತೀರಾ ಸೋತಿದೆ ಎಂದ ಸೋನುಬಾ. 

ಏಪ್ರಿಲ್ 19

ಎರಡು ದಿನದಿಂದ ಮರಿಯ ದನಿಯೇ ಇಲ್ಲವಂತೆ.

ಏಪ್ರಿಲ್ 21, ಬೆಳಿಗ್ಗೆ 7.20

ಫೋನು ಕಿವಿಗೊತ್ತಿಕೊಂಡೇ ಬರೆಯುತ್ತಿದ್ದೇನೆ. ಕ್ಯಾಮೆರಾ ಮೇಜಿನ ಮೇಲಿದೆ, ಬ್ಯಾಟರಿ ತುಂಬಿ. ಸೋನುಬಾ, "ಮಾತಾಡ್ಬೇಡಿ, ಸುಮ್ನೆ ಕೇಳಿ" ಎಂದು ಫೋನು ಮರದತ್ತ ಹಿಡಿದಿದ್ದಾನೆ.

ಟೊಕ್. ಟೊಕ್ ಟೊಕ್. ಒಳಗಿಂದಲೇ! ಬದುಕಿದೆ.

ಗೋಡೆ ಉದುರುವ ಸದ್ದು. ನಿಂತಿತು. ಸೋನುಬಾನ ಉಸಿರು ಮಾತ್ರ. ಎಷ್ಟು ಹೊತ್ತು...

ದೊಡ್ಡ ರೆಕ್ಕೆಯ ಸದ್ದು — ಒಂದು. ಅದರ ಹಿಂದೆ ಇನ್ನೊಂದು. ಈಗ ಮೂರನೆಯದು, ಸಣ್ಣದು, ತಡವರಿಸುತ್ತ —